ಹಿಂಡಿ, ಹುಲ್ಲು, ಬೂಷ್ಟು: ಬೇಲೂರು ಸೀಮೆಯ ನೆಲೆಯಿಂದ ಮೇವಿನ ನಂಜಿನ ಚರಿತ್ರೆ

ಕರ್ನಾಟಕದ ಪಶುಸಂಪತ್ತಿನ ಚರಿತ್ರೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಎರಡು ಬಗೆಯ ಆಕರಗಳನ್ನು ನೆಚ್ಚಿಕೊಂಡಿದ್ದಾರೆ. ಮೊದಲನೆಯದು ಶಾಸನಗಳು, ಎರಡನೆಯದು ಸರ್ಕಾರದ ವರದಿಗಳು. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವನ್ನು, ಅಂದರೆ ಹಾಸನ ಜಿಲ್ಲೆಯ ಸಂಪುಟವನ್ನು ತಿರುವಿದರೆ, ತುರುಗೊಳ್‌ನಲ್ಲಿ ಮಡಿದ ವೀರರ ಕಲ್ಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ದನಕ್ಕಾಗಿ ಸತ್ತವನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಸತ್ತ ದನದ ವಿಚಾರ ಉಳಿದಿಲ್ಲ. ಸರ್ಕಾರದ ವರದಿಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ. ಆದರೆ ಅವು ಎಣಿಸಿದ್ದು ಸಾಂಕ್ರಾಮಿಕ ರೋಗಗಳನ್ನು ಮಾತ್ರ. ದೊಡ್ಡರೋಗದ ನಿವಾರಣೆಗೆ ಸೀರಂ ತಯಾರಿಸುವ ಸಲುವಾಗಿ ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿತು. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅದರ ಮುಂದುವರಿಕೆ. ಹೀಗೆ ಹಿಂಡು ಹಿಂಡಾಗಿ ಸತ್ತ ದನಗಳಿಗೆ ಲೆಕ್ಕ ಸಿಕ್ಕಿತು. ಒಂದೊಂದಾಗಿ ಸೊರಗಿದ, ಹಾಲು ಇಳಿದ, ಗಬ್ಬ ನಿಲ್ಲದೆ ಹೋದ ದನಗಳ ಲೆಕ್ಕವನ್ನು ಯಾವ ಕಚೇರಿಯೂ ಇಡಲಿಲ್ಲ.

ಪ್ರಸ್ತುತ ಲೇಖನವು ಆ ಎರಡನೆಯ ಬಗೆಯ ನಷ್ಟಕ್ಕೆ ಸಂಬಂಧಿಸಿದ್ದು. ಮೇವಿನಲ್ಲಿ, ಹಿಂಡಿಯಲ್ಲಿ, ಕಾಳಿನಲ್ಲಿ ಬೆಳೆಯುವ ಬೂಷ್ಟು ಹುಟ್ಟಿಸುವ ನಂಜು ಸಾಕುಪ್ರಾಣಿಗಳಿಗೆ ಏನು ಮಾಡುತ್ತದೆ, ಅದು ನಮ್ಮ ನಾಡಿನಲ್ಲಿ ಯಾವಾಗ ಗುರುತಿಗೆ ಬಂದಿತು, ಗುರುತಿಗೆ ಬಂದ ಮೇಲೆ ಏನಾಯಿತು ಎಂಬುದನ್ನು ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯನ್ನು ನೆಲೆಯಾಗಿಟ್ಟುಕೊಂಡು ನೋಡುವುದು ಇಲ್ಲಿನ ಉದ್ದೇಶ. ಬಿಕ್ಕೋಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಲ್ಲಿ ದೊಡ್ಡ ದುರಂತ ನಡೆಯಿತೆಂದಲ್ಲ. ಮಲೆನಾಡಿನ ತೇವವೂ ಬಯಲುಸೀಮೆಯ ಹಿಂಡಿಯೂ ಒಂದೇ ಕೊಟ್ಟಿಗೆಯಲ್ಲಿ ಸೇರುವ ಜಾಗ ಅದು; ಈ ಸೇರುವಿಕೆಯಲ್ಲೇ ನಮ್ಮ ವಿಷಯದ ಬಹುಭಾಗ ಅಡಗಿದೆ.

ಭಾಷೆಯ ಸಾಕ್ಷ್ಯವನ್ನು ಮೊದಲು ನೋಡಬಹುದು. ಕನ್ನಡದಲ್ಲಿ ಪಶುವೈದ್ಯ ಹೊಸದಲ್ಲ. ಹನ್ನೆರಡನೆಯ ಶತಮಾನದ ಆದಿಭಾಗದ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ ಈ ಭಾಷೆಯ ಮೊದಲ ಶಾಸ್ತ್ರಗ್ರಂಥಗಳ ಸಾಲಿಗೆ ಸೇರುತ್ತದೆ. ರೈತರ ನಾಲಿಗೆಯ ಮೇಲೆ ಜಾನುವಾರು ರೋಗಗಳಿಗೆ ಖಚಿತವಾದ ಹೆಸರುಗಳಿವೆ: ದೊಡ್ಡರೋಗ, ಗಳಲೆರೋಗ, ಚಪ್ಪೆರೋಗ, ನೆರಡಿ, ಕಾಲುಬಾಯಿ ಜ್ವರ. ಇವೆಲ್ಲ ಕಣ್ಣಿಗೆ ಕಾಣುವ, ಊರಿಂದೂರಿಗೆ ಹಬ್ಬುವ ರೋಗಗಳು. ಬೂಷ್ಟಿನ ನಂಜಿಗೆ ಅಂತಹ ಪ್ರತ್ಯೇಕ ಹೆಸರಿಲ್ಲ. ‘ನಂಜಾಗಿದೆ’, ‘ಹೊಟ್ಟೆ ಕೆಟ್ಟಿದೆ’, ‘ದೃಷ್ಟಿಯಾಗಿದೆ’ ಎಂಬ ಸಡಿಲ ಮಾತುಗಳಲ್ಲಿ ಅದು ಕರಗಿಹೋಗಿದೆ. ಹೆಸರಿಲ್ಲದಿರುವುದು ರೈತರ ಅಜ್ಞಾನದ ಗುರುತೆಂದು ತಿಳಿಯಬೇಕಾಗಿಲ್ಲ. ರೋಗದ ಸ್ವಭಾವವೇ ಹಾಗಿದೆ. ತಿಂದ ದಿನ ಏನೂ ಆಗುವುದಿಲ್ಲ. ವಾರಗಳ ನಂತರ ಆದದ್ದನ್ನು ತಿಂದದ್ದಕ್ಕೆ ಜೋಡಿಸುವುದು ಪ್ರಯೋಗಾಲಯಕ್ಕೂ ಸುಲಭವಲ್ಲ.

ಬೇಲೂರು ತಾಲ್ಲೂಕಿನ ಐದು ಹೋಬಳಿಗಳಲ್ಲಿ ಪಶ್ಚಿಮದ ಬಿಕ್ಕೋಡು ಮತ್ತು ಅರೇಹಳ್ಳಿ ಮಲೆನಾಡಿನ ಅಂಚಿಗೆ ಸೇರಿದವು. ಕಾಫಿ, ಮೆಣಸು, ಗದ್ದೆ, ತೋಟದ ನೆರಳಿನ ಮರಗಳು ಅಲ್ಲಿನ ಚಹರೆ. ಪೂರ್ವಕ್ಕೆ ಹಳೇಬೀಡು, ಮಾದಿಹಳ್ಳಿಗಳ ಕಡೆ ಸಾಗಿದಂತೆ ಮಳೆ ಇಳಿಯುತ್ತದೆ. ರಾಗಿ ಮತ್ತು ಮುಸುಕಿನ ಜೋಳದ ಹೊಲಗಳು ತೆರೆದುಕೊಳ್ಳುತ್ತವೆ. ಇನ್ನೂ ಪೂರ್ವಕ್ಕೆ ಅರಸೀಕೆರೆಯಲ್ಲಿ ತೆಂಗು ಮತ್ತು ಬರ ಒಟ್ಟೊಟ್ಟಿಗೆ ಇವೆ. ಒಂದು ದಿನದ ಪ್ರಯಾಣದೊಳಗೆ ಮೂರು ಹವಾಮಾನ, ಮೂರು ಬಗೆಯ ಮೇವು. ಬಿಕ್ಕೋಡಿನ ಕಡೆ ಬತ್ತದ ಹುಲ್ಲು, ಹಳೇಬೀಡಿನ ಕಡೆ ರಾಗಿ ಹುಲ್ಲು ಮತ್ತು ಜೋಳದ ದಂಟು, ಅರಸೀಕೆರೆಯ ಕಡೆ ಇವುಗಳ ಜೊತೆಗೆ ಕೊಬ್ಬರಿ ಹಿಂಡಿ.

ಹಳೆಯ ಮೇವಿನ ವ್ಯವಸ್ಥೆಯಲ್ಲಿ ಕೂಡಿಟ್ಟ ಆಹಾರದ ಪಾಲು ಕಡಿಮೆ. ಮಲೆನಾಡು ಗಿಡ್ಡ ತಳಿಯ ದನಗಳು ಕಾಡಿನಲ್ಲಿ ಮತ್ತು ಗೋಮಾಳದಲ್ಲಿ ಮೇಯ್ದು ಬರುತ್ತಿದ್ದವು. ಬಯಲಿನ ಕಡೆಗೆ ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳಿದ್ದವು. ಬೇಸಿಗೆಗೆಂದು ಹುಲ್ಲನ್ನು ಬಣವೆ ಹಾಕುತ್ತಿದ್ದರು. ಬಣವೆ ಹಾಕುವುದು ಒಂದು ವಿದ್ಯೆ. ನೆಲದ ತೇವ ಏರದಂತೆ ಕೆಳಗೆ ಕಲ್ಲು ಅಥವಾ ಮರದ ದಿಮ್ಮಿ, ನೀರು ಇಳಿದುಹೋಗುವಂತೆ ಇಳಿಜಾರಾದ ನೆತ್ತಿ, ಗಾಳಿ ಬೀಳುವ ದಿಕ್ಕಿನ ಲೆಕ್ಕ. ಮಳೆಗಾಲ ಕಳೆದ ಮೇಲೆ ಹೊರಗಿನ ಕಪ್ಪು ಪದರವನ್ನು ಕಿತ್ತು ತಿಪ್ಪೆಗೋ ಕೊಟ್ಟಿಗೆಯ ಹಾಸಿಗೋ ಹಾಕಿ ಒಳಗಿನ ಹೊನ್ನಬಣ್ಣದ ಹುಲ್ಲನ್ನು ಮಾತ್ರ ದನಕ್ಕೆ ಹಾಕುತ್ತಿದ್ದರು. ಕಾಳಿನಲ್ಲಿ ರಾಗಿಯ ಸ್ಥಾನ ವಿಶೇಷವಾದುದು. ಸಣ್ಣ, ಗಟ್ಟಿ, ಬೇಗ ಒಣಗುವ ಈ ಕಾಳನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡಬಹುದಿತ್ತು. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಒಳಗಿಳಿಯಬಾರದೆಂಬ ಎಚ್ಚರವೂ ಹಳ್ಳಿಗಳಲ್ಲಿ ಇತ್ತು. ಕಾಳು ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸಿರುತ್ತದೆ ಎಂಬುದು ಅದರ ಇಂದಿನ ವಿವರಣೆ. ಅದೇ ಆಮ್ಲಜನಕದ ಕೊರತೆಯೇ ಬೂಷ್ಟನ್ನೂ ತಡೆಯುತ್ತಿತ್ತು.

ಆದರೂ ಆ ವ್ಯವಸ್ಥೆಯನ್ನು ನಿರ್ದೋಷವೆಂದು ಹೊಗಳುವಂತಿಲ್ಲ. ಮನೆಯವರ ಊಟಕ್ಕೆ ಬಾರದ ಕಾಳು ದನಕ್ಕೆ, ದನಕ್ಕೂ ಬಾರದ್ದು ಕೋಳಿಗೆ ಎಂಬುದು ಎಲ್ಲ ಕೃಷಿ ಸಮಾಜಗಳ ಮಿತವ್ಯಯದ ಸೂತ್ರ. ನಂಜಿನ ದೃಷ್ಟಿಯಿಂದ ಈ ಕ್ರಮ ತಲೆಕೆಳಗಾದುದು. ಹಕ್ಕಿಗಳ ಪೈಕಿ ಬಾತುಕೋಳಿ ಮತ್ತು ಟರ್ಕಿ ಕೋಳಿಯ ಮರಿಗಳು, ಪ್ರಾಣಿಗಳ ಪೈಕಿ ಹಂದಿ ಮತ್ತು ಎಳೆಗರು ಹೆಚ್ಚು ಸೂಕ್ಷ್ಮ. ಬೆಳೆದ ದನ ಮತ್ತು ಕುರಿ ಹೆಚ್ಚು ತಡೆಯಬಲ್ಲವು. ಎಲ್ಲಕ್ಕಿಂತ ಕೆಟ್ಟ ಕಾಳು ಎಲ್ಲಕ್ಕಿಂತ ಎಳೆಯ ಜೀವಕ್ಕೆ ಹೋಗುತ್ತಿತ್ತು.

ವ್ಯವಸ್ಥೆಯನ್ನು ಬದಲಿಸಿದ್ದು ಹಿಂಡಿ. ಎತ್ತಿನ ಗಾಣದ ಕಾಲದಲ್ಲೂ ಹಿಂಡಿ ಇತ್ತು. ಅದು ಊರೊಳಗೆ ಹುಟ್ಟಿ ಊರೊಳಗೆ ತೀರುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆ ಗಿರಣಿಗಳು ಬಂದ ಮೇಲೆ ಹಿಂಡಿ ಸರಕಾಯಿತು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಒಣಭೂಮಿಯ ಕಡಲೆಕಾಯಿ ಚಳ್ಳಕೆರೆಯಂತಹ ಊರುಗಳ ಗಿರಣಿಗಳಲ್ಲಿ ಎಣ್ಣೆಯಾಗಿ, ಉಳಿದ ಹಿಂಡಿ ಗೋಣಿಚೀಲದಲ್ಲಿ ದೂರದ ಜಿಲ್ಲೆಗಳಿಗೆ ಸಾಗುವಂತಾಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಬೂಷ್ಟು ಎಂದೊಡನೆ ನಾವು ಮಳೆಯನ್ನು ನೆನೆಯುತ್ತೇವೆ. ಕಡಲೆಕಾಯಿಯ ವಿಷಯದಲ್ಲಿ ಮಳೆಯ ಕೊರತೆಯೂ ಅಷ್ಟೇ ದೊಡ್ಡ ಕಾರಣ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಣ್ಣು ಒಣಗಿ ಕಾದರೆ ಗಿಡದ ಸ್ವಂತ ರಕ್ಷಣೆ ಕುಗ್ಗುತ್ತದೆ. ಮಣ್ಣಿನಲ್ಲೇ ಇರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಸಿಪ್ಪೆಯೊಳಗೆ ನುಗ್ಗುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಅದು ಇನ್ನಷ್ಟು ಹಬ್ಬುತ್ತದೆ. ಎಂದರೆ ಬರಪೀಡಿತ ಚಳ್ಳಕೆರೆಯ ಹೊಲದಲ್ಲಿ ಹುಟ್ಟಿದ ನಂಜು ಹಿಂಡಿಯ ಚೀಲ ಏರಿ, ಆ ಬಗೆಯ ಬರವನ್ನು ಕಾಣದ ಮಲೆನಾಡಿನ ಕೊಟ್ಟಿಗೆಗೆ ಬರಬಲ್ಲುದು. ಅಲ್ಲಿನ ಆಷಾಢದ ತೇವದಲ್ಲಿ ಅದೇ ಚೀಲ ಮತ್ತೊಮ್ಮೆ ಬೂಷ್ಟು ಹಿಡಿಯುತ್ತದೆ.

ಅರಸೀಕೆರೆ, ತಿಪಟೂರುಗಳ ಕೊಬ್ಬರಿಯದು ಬೇರೆ ಕಥೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಚಿಪ್ಪಿನೊಳಗೇ ಒಣಗಿಸಿದ ಉಂಡೆ ಕೊಬ್ಬರಿ ಬೂಷ್ಟಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಒಡೆದದ್ದು, ಬಿರುಕು ಬಿಟ್ಟದ್ದು, ಬಣ್ಣಗೆಟ್ಟದ್ದು ಬೇರೆಯಾಗಿ ಎಣ್ಣೆಗೆ ಹೋಗುತ್ತದೆ. ಹೀಗೆ ವಿಂಗಡಿಸಿದಷ್ಟೂ ತಿನ್ನುವ ಕೊಬ್ಬರಿ ಶುದ್ಧವಾಗುತ್ತದೆ, ಹಿಂಡಿ ಮಲಿನವಾಗುತ್ತದೆ. ಕಡಲೆಕಾಯಿಗೂ ಇದೇ ನ್ಯಾಯ. ಒಳ್ಳೆಯ ಬೀಜ ಅಂಗಡಿಗೆ ಮತ್ತು ಹೊರದೇಶಕ್ಕೆ, ಸುಕ್ಕಿದ ಬೀಜ ಗಿರಣಿಗೆ. ಎಣ್ಣೆ ತೆಗೆಯುವಾಗ ನಂಜಿನ ಹೆಚ್ಚಿನ ಪಾಲು ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯನ ಪಾಲನ್ನು ಶುದ್ಧಮಾಡುವ ಪ್ರತಿಯೊಂದು ಹಂತವೂ ಪಶುವಿನ ಪಾಲನ್ನು ಸಾಂದ್ರಗೊಳಿಸುತ್ತ ಬಂದಿತೆಂಬುದು ಈ ಚರಿತ್ರೆಯ ಒಂದು ಕಹಿ ಅಂಶ.

ಈ ನಂಜಿಗೆ ಹೆಸರು ಬಂದದ್ದು ಇಂಗ್ಲೆಂಡಿನಲ್ಲಿ. 1960ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಯ ಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಸೋಂಕಿನ ಸುಳಿವು ಸಿಗಲಿಲ್ಲ. ಸತ್ತ ಮರಿಗಳೆಲ್ಲ ತಿಂದಿದ್ದ ಆಹಾರದಲ್ಲಿ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ ಇತ್ತು. ಅದರಿಂದ ಬೇರ್ಪಡಿಸಿದ ವಸ್ತುವಿಗೆ ಶಿಲೀಂಧ್ರದ ಹೆಸರಿನ ತುಣುಕುಗಳನ್ನೇ ಸೇರಿಸಿ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವವು ಬಿ1, ಬಿ2. ಹಸಿರಾಗಿ ಹೊಳೆಯುವವು ಜಿ1, ಜಿ2. ಇವುಗಳಲ್ಲಿ ಬಿ1 ಅತ್ಯಂತ ಉಗ್ರ. 1963ರಲ್ಲಿ ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಎಂಬ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು: ನಂಜಿನ ಹಿಂಡಿ ತಿಂದ ಹಸುವಿನ ಹಾಲೂ ಬಾತುಮರಿಗಳಿಗೆ ನಂಜಾಗುತ್ತದೆ. ಹಾಲಿನಲ್ಲಿ ಕಾಣುವ ಆ ರೂಪಾಂತರಕ್ಕೆ ಎಂ1 ಎಂಬ ಹೆಸರು ಬಂದಿತು.

ಕನ್ನಡ ನಾಡು ಈ ಸುದ್ದಿಯನ್ನು ದೂರದಿಂದ ಓದಿದ್ದಲ್ಲ. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಅಫ್ಲಾಟಾಕ್ಸಿನ್ ನಂಜಿನಿಂದ 2,219 ಕೋಳಿಮರಿಗಳು ಸತ್ತವು. ಗೋಪಾಲ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ಅದೇ ತಂಡ 1968ರಲ್ಲಿ ಇಂಡಿಯನ್ ವೆಟರಿನರಿ ಜರ್ನಲ್‌ನಲ್ಲಿ ಹೈನು ದನಗಳ ಅಫ್ಲಾಟಾಕ್ಸಿನ್ ನಂಜಿನ ಬಗ್ಗೆಯೂ ಬರೆಯಿತು. ಭಾರತದ ಪಶುವೈದ್ಯ ಸಾಹಿತ್ಯದಲ್ಲಿ ಇವು ಈ ವಿಷಯದ ಆರಂಭಿಕ ದಾಖಲೆಗಳ ಸಾಲಿನವು. ಇಂಗ್ಲೆಂಡಿನ ಲಕ್ಷದ ಎದುರು ಎರಡು ಸಾವಿರ ಸಣ್ಣ ಸಂಖ್ಯೆಯಂತೆ ಕಂಡೀತು. ಒಂದೊಂದು ಮರಿಯನ್ನೂ ಎಣಿಸಿದ ಈ ಅಂಕಿ ನಮ್ಮಲ್ಲಿ ಅಪರೂಪದ್ದು. ಚರಿತ್ರಕಾರನಿಗೆ ಇದರ ಬೆಲೆ ಹೆಚ್ಚು. ಕೋಳಿಯನ್ನು ಹಿತ್ತಿಲಲ್ಲಿ ಬಿಟ್ಟು ಸಾಕುವ ಕಾಲದಲ್ಲಿ ಇಂತಹ ಎಣಿಕೆ ಸಾಧ್ಯವಿರಲಿಲ್ಲ. ಒಂದೇ ಶೆಡ್ಡಿನಲ್ಲಿ, ಒಂದೇ ಚೀಲದ ಆಹಾರ ತಿನ್ನುವ ಮರಿಗಳು ಬಂದ ಮೇಲೆ ನಂಜಿಗೆ ಸಾಕ್ಷ್ಯ ಸಿಕ್ಕಿತು.

ಅದೇ ದಶಕದಲ್ಲಿ ಮೈಸೂರಿನ ಇನ್ನೊಂದು ಸಂಸ್ಥೆ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಮುಟ್ಟಿತು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಕಡಲೆಕಾಯಿ ಹಿಟ್ಟನ್ನು ದೇಶದ ಅಪೌಷ್ಟಿಕ ಮಕ್ಕಳಿಗೆ ಅಗ್ಗದ ಸಸಾರಜನಕವಾಗಿ ಒದಗಿಸುವ ಕನಸು ಕಂಡಿತ್ತು. ಅಲ್ಲಿ ರೂಪಿಸಿದ ‘ಬಹೂಪಯೋಗಿ ಆಹಾರ’ದಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಅಫ್ಲಾಟಾಕ್ಸಿನ್ ಸುದ್ದಿ ಬಂದದ್ದು ಈ ಕನಸಿನ ನಡುವೆ. ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪಾರ್ಪಿಯಾ ಮತ್ತು ಸಂಗಡಿಗರು 1967ರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಡಲೆಕಾಯಿ ಹಿಂಡಿಯ ನಂಜನ್ನು ಕಳೆಯುವ ವಿಧಾನವನ್ನು ಪ್ರಕಟಿಸಿದರು. 1971ರಲ್ಲಿ ಅಮೆರಿಕದ ಒಂದು ಪೌಷ್ಟಿಕಶಾಸ್ತ್ರ ಪತ್ರಿಕೆಯಲ್ಲಿ ಮೈಸೂರಿನ ವೈದ್ಯರೂ ಈ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಬರೆದ ಲೇಖನ ಹೆಚ್ಚು ಕಳವಳಕಾರಿಯಾದುದು. ಕ್ವಾಷಿಯೋರ್ಕರ್‌ನಿಂದ ನರಳುತ್ತಿದ್ದ ಮಕ್ಕಳಿಗೆ ಪೂರಕ ಆಹಾರವಾಗಿ ಸಂದ ಕಡಲೆಕಾಯಿ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇತ್ತು. ಆ ಮಕ್ಕಳ ಯಕೃತ್ತಿನಲ್ಲಿ ಸಿರೋಸಿಸ್ ಕಂಡಿತು. ಅಪೌಷ್ಟಿಕತೆಯೇ ಯಕೃತ್ತನ್ನು ಕೆಡಿಸುವುದರಿಂದ ನಂಜಿನ ಪಾಲನ್ನು ಪ್ರತ್ಯೇಕಿಸಿ ಅಳೆಯುವುದು ಕಷ್ಟ ಎಂಬುದನ್ನೂ ಹೇಳಬೇಕು. ಹಾಗಿದ್ದರೂ ಕೋಳಿಮರಿಯ ಯಕೃತ್ತು ಐದು ವರ್ಷ ಮೊದಲೇ ಹೇಳಿದ್ದನ್ನು ಮನುಷ್ಯರ ಮಕ್ಕಳ ಯಕೃತ್ತೂ ಹೇಳಿತೆಂಬ ಭಾವನೆ ಈ ಎರಡು ವರದಿಗಳನ್ನು ಒಟ್ಟಿಗೆ ಓದಿದವರಿಗೆ ಬಾರದಿರದು.

ಪ್ರಾಣಿಗಳು ಮೊದಲು ಸಾಕ್ಷಿ ನುಡಿಯುವುದಕ್ಕೆ ಇನ್ನೊಂದು ಉದಾಹರಣೆ 1974ರ ಶರತ್ಕಾಲದ್ದು. ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮುಸುಕಿನ ಜೋಳ ತಿಂದ ಸುಮಾರು 400 ಮಂದಿ ಕಾಮಾಲೆಗೆ ಒಳಗಾದರು, 106 ಮಂದಿ ಸತ್ತರು. ಅದೇ ಮನೆಗಳ ಊಟವನ್ನು ಹಂಚಿಕೊಂಡ ನಾಯಿಗಳೂ ಹೊಟ್ಟೆಯಲ್ಲಿ ನೀರು ತುಂಬಿ ಸತ್ತಿದ್ದವು. ರೋಗ ಸೋಂಕಿನಿಂದ ಬಂದದ್ದಲ್ಲ, ಊಟದಿಂದ ಬಂದದ್ದು ಎಂದು ತಿಳಿಯಲು ನಾಯಿಗಳ ಸಾವು ನೆರವಾಯಿತು.

ಈಗ ನಂಜಿನ ಕಾರ್ಯವಿಧಾನಕ್ಕೆ ಬರೋಣ. ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಒಡೆಯುವಾಗ ಹುಟ್ಟುವ ಚುರುಕಾದ ಮಧ್ಯವರ್ತಿ ವಸ್ತು ಜೀವಕೋಶದ ಡಿಎನ್ಎಗೆ ಅಂಟಿಕೊಳ್ಳುತ್ತದೆ. ಸಸಾರಜನಕದ ತಯಾರಿಕೆ ಕುಂಠಿತವಾಗುತ್ತದೆ. ಸತ್ತ ಕೋಳಿಯನ್ನು ಕೊಯ್ದರೆ ಯಕೃತ್ತು ಹಿಗ್ಗಿ ಹಳದಿಗೆ ತಿರುಗಿರುತ್ತದೆ, ಪಿತ್ತನಾಳಗಳು ಮಿತಿಮೀರಿ ಬೆಳೆದಿರುತ್ತವೆ. ಇದು ತೀವ್ರ ನಂಜಿನ ಚಿತ್ರ. ರೈತನ ನಷ್ಟದ ಹೆಚ್ಚಿನ ಪಾಲು ಬರುವುದು ತೀವ್ರವಲ್ಲದ ನಂಜಿನಿಂದ. ತಿಂದ ಆಹಾರಕ್ಕೆ ತಕ್ಕ ತೂಕ ಬರುವುದಿಲ್ಲ, ಮೊಟ್ಟೆ ಇಳಿಯುತ್ತದೆ, ಹೆಟ್ಟಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರೋಗನಿರೋಧ ಶಕ್ತಿ ಕುಗ್ಗುವುದು ಎಲ್ಲಕ್ಕಿಂತ ಮೋಸದ ಪರಿಣಾಮ. ರಾಣಿಖೇತ್ ರೋಗಕ್ಕೆ ಲಸಿಕೆ ಹಾಕಿದ ಕೋಳಿಗೂ ಅದೇ ರೋಗ ಬರುತ್ತದೆ. ಆಗ ರೈತ ಲಸಿಕೆಯನ್ನು ದೂರುತ್ತಾನೆ, ಲಸಿಕೆ ಹಾಕಿದವನು ಶೀತಲ ಪೆಟ್ಟಿಗೆಯನ್ನು ದೂರುತ್ತಾನೆ, ಆಹಾರದ ಚೀಲವನ್ನು ಯಾರೂ ದೂರುವುದಿಲ್ಲ. ರೋಗದ ಪಟ್ಟಿಯಲ್ಲಿ ರಾಣಿಖೇತ್ ಎಂದೇ ದಾಖಲಾಗುತ್ತದೆ. ಬೂಷ್ಟಿನ ನಂಜು ಅಂಕಿಅಂಶಗಳಲ್ಲಿ ಕಾಣದಿರುವುದಕ್ಕೆ ಇದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ದನಗಳಲ್ಲಿ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ನಂಜಿನ ಸ್ವಲ್ಪ ಭಾಗವನ್ನು ಕೆಡಿಸುತ್ತವೆ. ಕರುವಿಗೆ ಆ ವ್ಯವಸ್ಥೆ ಇನ್ನೂ ಬೆಳೆದಿರುವುದಿಲ್ಲ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಆಹಾರ ಬೇಗ ಬೇಗ ಸಾಗಿಹೋಗುವುದರಿಂದ ಆ ರಕ್ಷಣೆ ಕುಗ್ಗುತ್ತದೆ. ಇಲ್ಲಿ ಹಾಸನ ಜಿಲ್ಲೆಯ ಇತ್ತೀಚಿನ ಚರಿತ್ರೆ ನಮ್ಮ ವಿಷಯದೊಳಗೆ ಬರುತ್ತದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಕ್ಷಿಣದ ಜಿಲ್ಲೆಗಳಲ್ಲಿ ಕರ್ನಾಟಕ ಹೈನುಗಾರಿಕಾ ಅಭಿವೃದ್ಧಿ ಯೋಜನೆ ಆರಂಭವಾಯಿತು. 1977ರಲ್ಲಿ ಹಾಸನ ಹಾಲು ಒಕ್ಕೂಟ ಹುಟ್ಟಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಎಂಬ ಹೆಸರು ಬಂದಿತು. ಮಹಾಮಂಡಳದ ಪಶು ಆಹಾರ ಘಟಕಗಳಲ್ಲಿ ಒಂದು ಹಾಸನದಲ್ಲಿಯೇ ಇದೆ. ಕಾಡಿಗೆ ಹೋಗಿ ಮೇಯುತ್ತಿದ್ದ ಗಿಡ್ಡ ದನದ ಜಾಗಕ್ಕೆ ಕೊಟ್ಟಿಗೆಯಲ್ಲಿ ನಿಂತು ತಿನ್ನುವ ಜರ್ಸಿ, ಹಾಲ್‌ಸ್ಟೀನ್ ಮಿಶ್ರತಳಿ ಬಂದಿತು. ಮನೆಯ ಸಣ್ಣ ಆದಾಯಕ್ಕೆ, ಅದರಲ್ಲೂ ಹೆಂಗಸರ ಕೈಗೆ ಬರುವ ಹಣಕ್ಕೆ, ಡೇರಿ ಕೊಟ್ಟ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಹಸು ತಿನ್ನುವುದರಲ್ಲಿ ಕೂಡಿಟ್ಟ ಆಹಾರದ ಪಾಲು ಹಿಂದೆಂದೂ ಇಲ್ಲದಷ್ಟು ಹೆಚ್ಚಿದೆ.

ಒಂದು ಲೆಕ್ಕದಿಂದ ವಿಷಯ ಸ್ಪಷ್ಟವಾಗುತ್ತದೆ. ಹಸು ತಿಂದ ಬಿ1ರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು, ಹೆಚ್ಚು ಹಾಲಿನ ಹಸುಗಳಲ್ಲಿ ಆರರವರೆಗೂ, ಎಂ1 ರೂಪದಲ್ಲಿ ಹಾಲಿಗೆ ಬರುತ್ತದೆ. ದಿನಕ್ಕೆ ಎಂಟು ಲೀಟರ್ ಕೊಡುವ ಹಸುವಿಗೆ ನಾಲ್ಕು ಕಿಲೋ ಹಿಂಡಿ ಹಾಕಿದರೆ, ಆ ಹಿಂಡಿಯ ಕಿಲೋ ಒಂದರಲ್ಲಿ 100 ಮೈಕ್ರೋಗ್ರಾಂ ಬಿ1 ಇದ್ದರೆ, ಹಸುವಿನ ಹೊಟ್ಟೆಗೆ ಹೋದದ್ದು 400 ಮೈಕ್ರೋಗ್ರಾಂ. ನೂರಕ್ಕೆ ಎರಡರ ಲೆಕ್ಕದಲ್ಲಿ ಹಾಲಿಗೆ ಬಂದದ್ದು ಎಂಟು, ಲೀಟರಿಗೆ ಒಂದು. ಭಾರತದಲ್ಲಿ ಹಾಲಿಗೆ ನಿಗದಿಯಾದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಯುರೋಪಿನಲ್ಲಿ 0.05. ಭಾರತೀಯ ಮಾನಕ ಬ್ಯೂರೋ ದನದ ಮಿಶ್ರ ಆಹಾರಕ್ಕೆ ಐಎಸ್ 2052ರಲ್ಲಿ ವಿಧಿಸಿರುವ ಮಿತಿ ಬಿ1ರ 20 ಮೈಕ್ರೋಗ್ರಾಂ. ಅಷ್ಟರೊಳಗೇ ಇದ್ದರೆ ಮೇಲಿನ ಹಸುವಿನ ಹಾಲಿನಲ್ಲಿ 0.2ರಷ್ಟು ಮಾತ್ರ ಕಂಡೀತು. ಆದರೆ ಈ ಮಾನಕ ಕಾರ್ಖಾನೆಯ ಚೀಲಕ್ಕೆ ಹೊಂದುವಂಥದು. ಸಂತೆಯ ಬಿಡಿ ಹಿಂಡಿ, ಮನೆಯಲ್ಲಿ ಒಡೆಸಿದ ಜೋಳದ ನುಚ್ಚು, ಮೂಲೆಯ ಹಳೆಯ ತೌಡು ಅದರ ಕೈಗೆ ಸಿಕ್ಕುವುದಿಲ್ಲ. ಕಾಯಿಸುವುದರಿಂದ, ಪಾಶ್ಚರೀಕರಣದಿಂದ ಎಂ1 ಹೋಗುವುದಿಲ್ಲ. ಕೇಸೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಅದರ ಸಾಂದ್ರತೆ ಹೆಚ್ಚು. ಸಮಾಧಾನದ ಸಂಗತಿಯೆಂದರೆ ನಂಜಿನ ಆಹಾರ ನಿಲ್ಲಿಸಿದ ನಾಲ್ಕೈದು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 1993ರ ಪ್ರಕಟಣೆ ನಿಸರ್ಗದಲ್ಲಿ ದೊರೆಯುವ ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗದಲ್ಲಿ ಇರಿಸಿದೆ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಡೆಸಿದ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ 368ರಲ್ಲಿ, ಎಂದರೆ ನೂರಕ್ಕೆ 5.7ರಲ್ಲಿ, ಎಂ1 ಮಿತಿ ಮೀರಿತ್ತು. ಅಂತಹ ಮಾದರಿಗಳು ಹೆಚ್ಚಾಗಿ ಕಂಡದ್ದು ತಮಿಳುನಾಡು, ದೆಹಲಿ ಮತ್ತು ಕೇರಳಗಳಲ್ಲಿ. ಹಾಲಿಗೆ ನೀರು ಬೆರೆಸುವುದನ್ನೇ ಕಲಬೆರಕೆಯ ಮುಖ್ಯ ರೂಪವೆಂದು ನಂಬಿದ್ದವರಿಗೆ ಈ ಸಮೀಕ್ಷೆ ಬೇರೆಯ ಪಾಠ ಹೇಳಿತು: ಯಾರೂ ಏನೂ ಬೆರೆಸದ ಹಾಲಿನಲ್ಲೂ ದೋಷವಿರಬಹುದು, ಅದು ಹಸುವಿನ ಬಾಯಿಯಿಂದ ಬಂದದ್ದು.

ಅಫ್ಲಾಟಾಕ್ಸಿನ್ ಒಂದೇ ನಂಜಲ್ಲ. ಮುಸುಕಿನ ಜೋಳದ ಬೆಳೆ ವಿಸ್ತರಿಸಿದಂತೆ ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಮುಂದೆ ಬಂದವು. ದಕ್ಷಿಣ ಆಫ್ರಿಕದಲ್ಲಿ 1988ರಲ್ಲಿ ಗುರುತಿಸಲ್ಪಟ್ಟ ಫ್ಯುಮೋನಿಸಿನ್ ಕುದುರೆಯ ಮಿದುಳನ್ನೂ ಹಂದಿಯ ಶ್ವಾಸಕೋಶವನ್ನೂ ಕೆಡಿಸುತ್ತದೆ. 1995ರಲ್ಲಿ ಕೊಯ್ಲಿನ ಹೊತ್ತಿನ ಮಳೆಗೆ ನೆನೆದ ಜೋಳ ಮತ್ತು ಮುಸುಕಿನ ಜೋಳವನ್ನು ತಿಂದ ದಖನ್ನಿನ ಹಳ್ಳಿಗಳ ಜನ ಹೊಟ್ಟೆನೋವು, ಭೇದಿಗಳಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ವಿ. ಭಟ್ ಮತ್ತು ಸಂಗಡಿಗರು 1997ರಲ್ಲಿ ಅದನ್ನು ಫ್ಯುಮೋನಿಸಿನ್‌ಗೆ ಜೋಡಿಸಿದರು. ಮೊಟ್ಟೆ ಕೋಳಿಗಳಲ್ಲಿ ಅದೇ ನಂಜಿನ ಹಾವಳಿಯೂ ಅದೇ ವರ್ಷ ವರದಿಯಾಯಿತು. ಬಡವರು ಬೂಷ್ಟಿನ ಕಾಳನ್ನು ತಿಳಿದೂ ತಿಂದಿದ್ದರು, ಬೇರೆ ಕಾಳು ಇರಲಿಲ್ಲ. ಮೂತ್ರಪಿಂಡವನ್ನು ಕೆಡಿಸುವ ಆಕ್ರಟಾಕ್ಸಿನ್, ಕೋಳಿಯ ಬಾಯಲ್ಲಿ ಹುಣ್ಣು ತರುವ ಟಿ-2, ಹೆಣ್ಣುಹಂದಿಯಲ್ಲಿ ಬೆದೆಯ ಲಕ್ಷಣಗಳನ್ನು ಸುಳ್ಳಾಗಿ ಮೂಡಿಸುವ ಜಿಯರಲೆನೋನ್ ಇವೂ ಈ ಕುಲದವೇ. ಒಂದೇ ಚೀಲದಲ್ಲಿ ಎರಡು ಮೂರು ಸೇರಿದ್ದರೆ ಪರಿಣಾಮ ಕೇವಲ ಕೂಡಿಕೆಯಾಗಿ ನಿಲ್ಲಬೇಕೆಂದಿಲ್ಲ.

ಬಿಕ್ಕೋಡಿನಂತಹ ಗದ್ದೆ ಸೀಮೆಗೆ ಹತ್ತಿರದ ವಿಷಯ ಬತ್ತದ ಹುಲ್ಲಿನದು. ಅವಿಭಜಿತ ಪಂಜಾಬಿನ ದೇಗ್ ನಾಲಾ ಎಂಬ ಹಳ್ಳದ ಬಯಲಿನಲ್ಲಿ ಎಮ್ಮೆಗಳ ಬಾಲ, ಕಿವಿ, ಗೊರಸುಗಳು ಕೊಳೆತು ಉದುರುವ ರೋಗವನ್ನು 1939ರಲ್ಲಿ ಷರ್ಲಾ ಎಂಬ ಪಶುವೈದ್ಯ ವರ್ಣಿಸಿದ್ದನು. ಡೆಗ್‌ನಾಲಾ ಎಂದೇ ಹೆಸರಾದ ಈ ರೋಗವನ್ನು ಮುಂದೆ ಫ್ಯುಸೇರಿಯಂ ಹಿಡಿದ ಬತ್ತದ ಹುಲ್ಲಿಗೆ ಸಂಬಂಧಿಸಿದರು. ತುದಿಯ ರಕ್ತನಾಳಗಳು ಸಂಕುಚಿತವಾಗಿ ಅಂಗ ಒಣಗುತ್ತದೆ. ಚಳಿಗಾಲದಲ್ಲಿ ಹೆಚ್ಚು, ಹಸುವಿಗಿಂತ ಎಮ್ಮೆಗೆ ಹೆಚ್ಚು. ಕೊಯ್ಲಿನ ಕಾಲದಲ್ಲಿ ಮಳೆ ಬಿದ್ದು ಹಸಿಯಾಗಿಯೇ ಬಣವೆ ಸೇರಿದ ಹುಲ್ಲು ಎಲ್ಲಿ ಇದೆಯೋ ಅಲ್ಲಿ ಈ ಅಪಾಯ ಇದೆ. ಮೊದಲು ಹುಲ್ಲನ್ನು ಬದಲಿಸುವುದೇ ಚಿಕಿತ್ಸೆಯ ಆರಂಭ. ಯಂತ್ರದಿಂದ ಕೊಯ್ದು ಸುರುಳಿ ಕಟ್ಟಿದ ಹುಲ್ಲು ಬಂದ ಮೇಲೆ ಹೊರಪದರ ಕಿತ್ತು ಹಾಕುವ ಹಳೆಯ ಎಚ್ಚರಕ್ಕೆ ಅವಕಾಶ ತಗ್ಗಿದೆ. ಸುರುಳಿಯ ನಡುವಿನ ಬೂಷ್ಟು ಬಿಚ್ಚುವತನಕ ಕಾಣುವುದಿಲ್ಲ.

ಬಿಕ್ಕೋಡಿನ ಅಂಗಳದಲ್ಲಿ ಇನ್ನೊಂದು ಹೋಲಿಕೆಯೂ ಸಿಗುತ್ತದೆ. ಮೈಸೂರಿನಲ್ಲಿ ಶಿಲೀಂಧ್ರಶಾಸ್ತ್ರ ನೆಲೆಯೂರಿದ್ದೇ ವಾಣಿಜ್ಯ ಬೆಳೆಗಳ ಹಿತಕ್ಕಾಗಿ. 1908ರಲ್ಲಿ ಇಲ್ಲಿಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪರಿಹಾರ ಹುಡುಕಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಆರಂಭವಾಯಿತು. ಮುಂದೆ ಕಾಫಿ ಬೀಜದಲ್ಲಿ ಬೂಷ್ಟು ಹುಟ್ಟಿಸುವ ಆಕ್ರಟಾಕ್ಸಿನ್‌ಗೆ ಯುರೋಪು ಮಿತಿ ಹಾಕಿತು: 2005ರಲ್ಲಿ ಹುರಿದ ಕಾಫಿಗೆ ಕಿಲೋಗೆ 5 ಮೈಕ್ರೋಗ್ರಾಂ, 2023ರಿಂದ 3. ಆ ದಶಕದ ಆರಂಭದಲ್ಲಿಯೇ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಕಾಫಿ ಬೂಷ್ಟು ನಿವಾರಣಾ ಯೋಜನೆಯಲ್ಲಿ ಭಾರತವೂ ಪಾಲ್ಗೊಂಡಿತು. ಕಣದಲ್ಲಿ ಬೀಜ ಎಷ್ಟು ತೆಳ್ಳಗೆ ಹರಡಬೇಕು, ಎಷ್ಟು ಸಲ ತಿರುವಬೇಕು, ಯಾವ ತೇವಾಂಶಕ್ಕೆ ಚೀಲ ತುಂಬಬೇಕು ಎಂಬ ತಿಳಿವಳಿಕೆ ಬೆಳೆಗಾರರಿಗೆ ತಲುಪಿತು. ಅದೇ ಕಣದ ಪಕ್ಕದ ಕೊಟ್ಟಿಗೆಯ ತೌಡಿಗೂ ಹಿಂಡಿಗೂ ಅಂತಹ ತಿಳಿವಳಿಕೆ ಅಷ್ಟು ಶ್ರದ್ಧೆಯಿಂದ ತಲುಪಲಿಲ್ಲ. ವ್ಯತ್ಯಾಸ ವಿಜ್ಞಾನದ್ದಲ್ಲ, ಕೊಳ್ಳುವವನದು. ಕಾಫಿಯನ್ನು ಕೊಳ್ಳುವವನು ಪರೀಕ್ಷಿಸಿ ತಿರಸ್ಕರಿಸಬಲ್ಲ. ಹಿಂಡಿಯನ್ನು ತಿನ್ನುವ ಹಸುವಿಗೆ ಆ ಅಧಿಕಾರವಿಲ್ಲ, ಡೇರಿಯಲ್ಲಿ ಹಾಲು ಅಳೆಯುವುದು ಕೊಬ್ಬಿನಂಶ ಮತ್ತು ಘನಾಂಶಗಳಿಂದ.

ಪರಿಹಾರದ ಹುಡುಕಾಟದಲ್ಲಿ ಕರ್ನಾಟಕದ ಕೊಡುಗೆ ಸಣ್ಣದಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ಕೋಳಿಶಾಸ್ತ್ರ ವಿಭಾಗದ ಜಿ. ದೇವೇಗೌಡ ಅವರ ತಂಡವು ಯೀಸ್ಟ್ ಕೋಶದ ಗೋಡೆಯಿಂದ ಪಡೆದ ಗ್ಲುಕೋಮನ್ನನ್ ಎಂಬ ವಸ್ತು ಕರುಳಿನಲ್ಲಿ ನಂಜನ್ನು ಹಿಡಿದಿಟ್ಟು ಹೊರಹಾಕಬಲ್ಲುದೆಂಬುದನ್ನು ಪರಿಶೀಲಿಸಿತು. ರಾಜು ಮತ್ತು ದೇವೇಗೌಡ 2000ದಲ್ಲಿ ಬ್ರಿಟಿಷ್ ಪೌಲ್ಟ್ರಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಫ್ಲಾಟಾಕ್ಸಿನ್, ಆಕ್ರಟಾಕ್ಸಿನ್, ಟಿ-2 ಮೂರನ್ನೂ ಬಿಡಿಬಿಡಿಯಾಗಿಯೂ ಕೂಡಿಸಿಯೂ ನೀಡಿ ಪರೀಕ್ಷಿಸಲಾಗಿದೆ. ಇಂತಹ ಬಂಧಕಗಳು, ಬೆಂಟೋನೈಟ್ ಜೇಡಿಮಣ್ಣು ಸೇರಿದಂತೆ, ಕೋಳಿ ಉದ್ಯಮದಲ್ಲಿ ಸಾಮಾನ್ಯವಾದವು. ಆದರೆ ಬಂಧಕ ಹಾಕಿದರೆ ಸಾಕೆಂಬ ಭಾವನೆ ಬೆಳೆದು ಕೆಟ್ಟ ಕಾಳಿಗೆ ಮಾರುಕಟ್ಟೆ ಉಳಿದುಕೊಂಡದ್ದೂ ಉಂಟು. ಜೇಡಿಮಣ್ಣು ಅಫ್ಲಾಟಾಕ್ಸಿನ್ ಅನ್ನು ಚೆನ್ನಾಗಿ ಹಿಡಿಯುತ್ತದೆ. ಟಿ-2ರ ಮೇಲೆ ಅದರ ಹಿಡಿತ ಬಹಳ ಕಡಿಮೆ. ಒಣಗಿಸುವುದಕ್ಕೆ ಬದಲಿ ಇಲ್ಲ: ಕಾಳಿನ ತೇವ ನೂರಕ್ಕೆ 13ರ ಒಳಗೆ, ಕಡಲೆಕಾಯಿ ಬೀಜದ ತೇವ 8ರ ಒಳಗೆ ಇದ್ದರೆ ಶಿಲೀಂಧ್ರ ಬೆಳೆಯಲಾರದು.

1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯೂ 2007ರಲ್ಲಿ ಹಾಸನದಲ್ಲಿಯೇ ತೆರೆದ ಪಶುವೈದ್ಯಕೀಯ ಕಾಲೇಜೂ ಈ ಜಿಲ್ಲೆಯ ರೈತರಿಗೆ ಹಿಂದಿನವರಿಗೆ ಇಲ್ಲದಿದ್ದ ಅನುಕೂಲಗಳು. ತೆಳುಪದರ ಕ್ರೊಮ್ಯಾಟೋಗ್ರಫಿ ಬಲ್ಲ ತಜ್ಞನೊಬ್ಬನೇ ಮಾಡಬಹುದಾಗಿದ್ದ ಪರೀಕ್ಷೆಯನ್ನು ಈಗ ಪಟ್ಟಿಯೊಂದನ್ನು ಅದ್ದಿ ಕೆಲವು ನಿಮಿಷಗಳಲ್ಲಿ ಅಂದಾಜು ಮಾಡಬಹುದು. ಚರಿತ್ರಕಾರನಿಗೆ ಬೇಕಾದ ಆಕರಗಳು ಮಾತ್ರ ಇನ್ನೂ ಚದುರಿಯೇ ಇವೆ. ಪಶು ಆಸ್ಪತ್ರೆಗಳ ದಿನಚರಿ ಪುಸ್ತಕಗಳಲ್ಲಿ ‘ಅಜೀರ್ಣ’, ‘ಗರ್ಭಪಾತ’, ‘ಮರಳಿ ಬೆದೆ’ ಎಂದು ಬರೆದ ಸಾಲುಗಳನ್ನು ಆಯಾ ವರ್ಷದ ಕೊಯ್ಲುಕಾಲದ ಮಳೆಯ ಅಂಕಿಗಳೊಡನೆ ಹೋಲಿಸಿ ನೋಡುವ ಕೆಲಸ ಆಗಬೇಕಾಗಿದೆ. ಬೇಲೂರು ತಾಲ್ಲೂಕಿನಲ್ಲಿ ಅದನ್ನು ಬಿಕ್ಕೋಡು ಮತ್ತು ಹಳೇಬೀಡು ಹೋಬಳಿಗಳಿಗೆ ಬೇರೆ ಬೇರೆಯಾಗಿ ಮಾಡಿದರೆ, ಬತ್ತದ ಹುಲ್ಲಿನ ಸೀಮೆಗೂ ಜೋಳದ ಸೀಮೆಗೂ ಇರುವ ವ್ಯತ್ಯಾಸ ಅದೇ ಪುಸ್ತಕಗಳಿಂದ ಹೊರಬರಬಹುದು.